ಪದಚರ್ಚೆ: ಮಲಯಾಳದ ʻಪ್ರವಾಸಿʼಯನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು?

ಪ್ರಶ್ನೆ, ಮಂಗಳೂರಿನಿಂದ:

ಮಾನ್ಯರೇ, ಲಾಲ್ ಜೋಸ್ ನಿರ್ದೇಶಿಸಿದ 2007ರ ಮಲಯಾಳ ಚಿತ್ರ ʻಅರಬಿಕ್ಕಥʼವನ್ನು ನಮ್ಮ ಬಳಗ ಈ ಭಾನುವಾರ ತೋರಿಸಲಿದ್ದು, ಅದರ ಕರಪತ್ರ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾಗಿದೆ. ಊರಿನವರೆಲ್ಲ ಕ್ಯೂಬಾ ಮುಕುಂದನ್ ಎಂದು ಕರೆಯುವ, ಪಕ್ಷವನ್ನು ಮನಸಾರೆ ನಂಬಿದ ಕಮ್ಯುನಿಸ್ಟ್ ಕಾರ್ಯಕರ್ತನೊಬ್ಬ ಸಾಲ ತೀರಿಸಲು ಗಲ್ಫಿಗೆ ಹೋಗಿ ದುಡಿಯಬೇಕಾಗಿ ಬರುವ ವಿಡಂಬನೆಯ ಕಥೆ ಅದು. ಮುಕುಂದನ್ ಆಗಿರುವವರು ಶ್ರೀನಿವಾಸನ್. ಇಂಥವನನ್ನು ಮಲಯಾಳದವರು ʻಪ್ರವಾಸಿʼ ಎನ್ನುತ್ತಾರೆಂದು ನಾನೂ ʻಒಬ್ಬ ಪ್ರವಾಸಿಯ ಕಥೆʼ ಎಂದೇ ಬರೆದುಕೊಟ್ಟೆ. ಅಕ್ಷರ ಜೋಡಿಸುವವರು ಕರಡನ್ನು ನೋಡಿ, ʻದುಬೈ ಟೂರಿನ ಪಿಕ್ಚರಾ?ʼ ಎಂದು ಕೇಳಿದರು. ಸರಿಯಾದ ಪದ ಯಾವುದು? ಹಾಗೆಯೇ ಅಲ್ಲಿನ ಕಮ್ಯುನಿಸ್ಟರು ಒಬ್ಬರನ್ನೊಬ್ಬರು ಕರೆಯುವ ʻಸಖಾವುʼ ಎಂಬುದನ್ನು ʻಸಖʼ ಎಂದರೆ ಒಪ್ಪುತ್ತದೆಯೇ?

ಉತ್ತರ, ಮೈಸೂರಿನಿಂದ:

ನೀವು ಬರೆದುಕೊಟ್ಟದ್ದೇ ಸರಿ, ಕೆಟ್ಟಿರುವುದು ನಮ್ಮ ಬಳಕೆ. ʻಪ್ರʼ ಉಪಸರ್ಗ ಸೇರಿದ ʻವಸ್ʼ ಧಾತುವಿಗೆ ಮನೆಯಿಂದ ದೂರ ಹೋಗಿ ನೆಲೆಸುವುದು ಎಂದು ಅರ್ಥವೇ ಹೊರತು ಊರೂರು ಸುತ್ತುವುದು ಎಂದಲ್ಲ. ವಿಪ್ರಲಂಭ ಶೃಂಗಾರದ, ಎಂದರೆ ಅಗಲಿದವರ ಪ್ರೇಮದ, ಪ್ರಭೇದಗಳಲ್ಲಿ ಕಾವ್ಯಶಾಸ್ತ್ರ ಬರೆದ ಆಲಂಕಾರಿಕರು ಪ್ರವಾಸವನ್ನು ಎಣಿಸಿರುವುದೂ, ಗಂಡ ದೂರದೇಶದಲ್ಲಿರುವ ನಾಯಿಕೆಯನ್ನು ಅದೇ ಧಾತುವಿನಿಂದ ಹುಟ್ಟಿದ ʻಪ್ರೋಷಿತಭರ್ತೃಕೆʼ ಎಂಬ ಪದದಿಂದ ಕರೆದಿರುವುದೂ ಈ ಅರ್ಥದಲ್ಲಿಯೇ. ಒಂದು ವರ್ಷ ಹೆಂಡತಿಯನ್ನು ಅಗಲಿ ರಾಮಗಿರಿಯಲ್ಲಿ ದಿನ ಎಣಿಸಿದ ಮೇಘದೂತದ ಯಕ್ಷ ಪ್ರವಾಸಿ. ಬಸ್ಸು ಮಾಡಿಕೊಂಡು ಜೋಗ ನೋಡಲು ಹೋದವನು ಅಲ್ಲ. ಮಲಯಾಳಿಗಳು ಉಳಿಸಿಕೊಂಡ ಅರ್ಥವನ್ನು ನಾವೂ ಮರಳಿ ತರಬೇಕು.

ಉತ್ತರ, ಧಾರವಾಡದಿಂದ:

ಯಕ್ಷನಿಗೆ ವೀಸಾದ ಸಾಲ ಇರಲಿಲ್ಲ. ಧಾತು ಏನೇ ಹೇಳಲಿ, ಪ್ರವಾಸೋದ್ಯಮ ಇಲಾಖೆಯೂ ಪ್ರವಾಸಿ ಮಂದಿರವೂ ಇರುವ ನಾಡಿನಲ್ಲಿ ಆ ಪದಕ್ಕೆ ಬೇರೆ ಅರ್ಥ ಉಳಿದಿಲ್ಲ. ಪಕ್ಕದ ಮರಾಠಿಯಲ್ಲಿಯೂ ಪ್ರವಾಸಿ ಎಂದರೆ ಬಸ್ಸಿನಲ್ಲಿ ಕುಳಿತ ಪ್ರಯಾಣಿಕನೇ. ʻವಲಸೆ ಕಾರ್ಮಿಕʼ ಎಂದು ಬರೆದು ಮುಗಿಸಿರಿ. ತಮಿಳಿನ ʻವಲಸೈʼ, ತೆಲುಗಿನ ʻವಲಸʼ ಇವುಗಳ ಜೊತೆಯ ಪದವದು, ಸಂಸ್ಕೃತದ ಹಂಗಿಲ್ಲ. ʻಗುಳೆʼ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ: ಮಳೆ ಕೈಕೊಟ್ಟಾಗ ಮನೆಗೆ ಕೀಲಿ ಹಾಕಿ ಹೆಂಡತಿ ಮಕ್ಕಳೊಡನೆ ದುಡಿಯಲು ಹೋಗುವುದು ಗುಳೆ, ಪಾಸ್‌ಪೋರ್ಟ್ ಹಿಡಿದು ಒಬ್ಬನೇ ವಿಮಾನ ಹತ್ತುವುದಲ್ಲ.

ಉತ್ತರ, ಕಾಸರಗೋಡಿನಿಂದ:

ಎರಡೂ ಭಾಷೆಗಳ ನಡುವೆ ಬದುಕುವವನಾಗಿ ಹೇಳುತ್ತಿದ್ದೇನೆ. ಮಲಯಾಳದ ಪ್ರವಾಸಿ ದುಡಿಮೆಯೊಂದನ್ನೇ ಸೂಚಿಸುವ ಪದವಲ್ಲ, ಅದೊಂದು ಸ್ಥಾನವೂ ಹೌದು. ಹೊರಗೆ ಹೋದ ಕೇರಳೀಯರಿಗಾಗಿ ಸರ್ಕಾರ 1996ರಲ್ಲಿ ನೋರ್ಕಾ ಇಲಾಖೆಯನ್ನು ತೆರೆಯಿತು. ಪ್ರವಾಸಿಗಳ ಹೆಸರಿನಲ್ಲಿ ಕ್ಷೇಮನಿಧಿ ಮಂಡಳಿಯೂ ಪಿಂಚಣಿಯೂ ಇವೆ. ಆದರೆ ಬಂಗಾಳ, ಅಸ್ಸಾಂಗಳಿಂದ ಕೇರಳಕ್ಕೆ ಬಂದು ಕಟ್ಟಡ ಕಟ್ಟುವವನನ್ನು ಅಲ್ಲಿ ಯಾರೂ ಪ್ರವಾಸಿ ಎನ್ನುವುದಿಲ್ಲ. ಅವನು ಮೊದಲು ʻಅನ್ಯಸಂಸ್ಥಾನ ತೊಳಿಲಾಳಿʼ, ಎಂದರೆ ಬೇರೆ ರಾಜ್ಯದ ಕಾರ್ಮಿಕ, ಆಗಿದ್ದ, ಈಗ ಸರ್ಕಾರದ ಮಾತಿನಲ್ಲಿ ʻಅತಿಥಿ ತೊಳಿಲಾಳಿʼ ಆಗಿದ್ದಾನೆ. ಧಾರವಾಡದವರ ʻವಲಸೆ ಕಾರ್ಮಿಕʼ ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬುವುದರಿಂದ ಆದರ್ಶಕ್ಕೆ ಒಳ್ಳೆಯದು, ಅನುವಾದಕ್ಕೆ ಸಾಲದು. ʻಅನಿವಾಸಿʼ ಎಂದರೆ ಬ್ಯಾಂಕಿನ ಖಾತೆ ನೆನಪಾಗುತ್ತದೆ. ನಮ್ಮ ಕರಾವಳಿಯಲ್ಲಿ ʻಅವ ಗಲ್ಫಿನಲ್ಲಿದ್ದಾನೆʼ ಎಂದರೆ ಎಲ್ಲವೂ ತಿಳಿಯುತ್ತದೆ. ನಾಮಪದವೇ ಬೇಕೆಂಬ ಹಟ ಏಕೆ?

ಇನ್ನು ʻಸಖಾವುʼ. ಸಂಸ್ಕೃತದ ಪ್ರಥಮಾ ರೂಪ ʻಸಖಾʼಕ್ಕೆ ʻವುʼ ಹಚ್ಚಿ, ರಾಜಾವು, ಪಿತಾವು ಎನ್ನುವಂತೆ ಮಾಡಿಕೊಂಡ ಪದವದು. ಕನ್ನಡದ ʻಸಖʼನಿಗೆ ಜೊತೆಯಾಗಿ ಸಖಿಯೊಬ್ಬಳು ಬಂದೇ ಬರುತ್ತಾಳೆ, ಆದ್ದರಿಂದ ಬೇಡ. ನಮ್ಮ ಪಕ್ಷಗಳಲ್ಲಿ ʻಸಂಗಾತಿʼ ಎಂಬ ಪದ ನಡೆಯುತ್ತಿದೆ.

ಉತ್ತರ, ಬೆಂಗಳೂರಿನಿಂದ:

ಪ್ರವಾಸಿ, ಅನಿವಾಸಿ, ಕಾರ್ಮಿಕ ಎಲ್ಲವೂ ಎರವಲು. ಎಂಟುನೂರು ವರ್ಷಗಳ ಹಿಂದೆಯೇ ಕವಿ ಆಂಡಯ್ಯ ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಕಾವ್ಯವನ್ನೇ ಬರೆದಿರುವಾಗ, ಒಂದು ಕರಪತ್ರಕ್ಕೆ ನಾವು ಹೀಗೆ ತಡಕಾಡಬೇಕೇ? ʻಹೊರನಾಡಾಳುʼ ಎನ್ನಿ. ಹೊರನಾಡು ಇದೆ, ಆಳು ಇದೆ, ಸವರ್ಣದೀರ್ಘದ ಗೊಡವೆಯೂ ಇಲ್ಲದೆ ಲೋಪಸಂಧಿಯಾಗುತ್ತದೆ.

ಧಾರವಾಡದಿಂದ:

ಕೂಲಿಯವರನ್ನು ಆಳು ಎನ್ನಬಾರದೆಂದು ಜೀವಮಾನವಿಡೀ ಹೋರಾಡಿದವನನ್ನೇ ಆಳು ಮಾಡಿದಿರಿ. ವಿಡಂಬನೆ ಚಿತ್ರದಲ್ಲಿದ್ದರೆ ಸಾಕು. ಅಂದಹಾಗೆ, ಕಥೆ ಎಂಬುದೂ ಎರವಲೇ. ಚಿತ್ರದ ಹೆಸರನ್ನೂ ಬದಲಿಸುವಿರಾ?

ಬೆಂಗಳೂರಿನಿಂದ:

ಅವಕಾಶವಿದ್ದರೆ ಬದಲಿಸುತ್ತಿದ್ದೆ. ಎರವಲಿಗೆ ಒಮ್ಮೆ ಬಾಗಿಲು ತೆರೆದರೆ ಮನೆಯ ಪದಗಳು ಜಗಲಿಗೆ ಬೀಳುತ್ತವೆ ಎಂಬುದಕ್ಕೆ ಈ ಚರ್ಚೆಯೇ ಸಾಕ್ಷಿ: ಮೈಸೂರಿನವರು ಸಂಸ್ಕೃತಕ್ಕೆ ಹೋದರು, ಕಾಸರಗೋಡಿನವರು ಇಂಗ್ಲಿಷಿನ ಗಲ್ಫಿಗೆ ಹೋದರು.

ಕಾಸರಗೋಡಿನಿಂದ:

ಗಲ್ಫಿಗೆ ನಾನು ಹೋಗಲಿಲ್ಲ, ನನ್ನ ಇಬ್ಬರು ಅಣ್ಣಂದಿರು ಹೋದರು. ಆ ಪದವನ್ನು ಮನೆಗೆ ತಂದವರೂ ಅವರೇ. ಪತ್ರಿಕೆಗಳು ಕೊಲ್ಲಿ ಎಂದು ಎಷ್ಟು ಬರೆದರೂ ನಮ್ಮ ತಾಯಿ ಒಂದು ದಿನವೂ ಕೊಲ್ಲಿ ಎನ್ನಲಿಲ್ಲ.

ಮಂಗಳೂರಿನಿಂದ:

ಎಲ್ಲರಿಗೂ ವಂದನೆಗಳು. ʻಊರು ಬಿಟ್ಟು ಗಲ್ಫಿಗೆ ದುಡಿಯಲು ಹೋದ ಕಾಮ್ರೇಡ್ ಒಬ್ಬನ ಕಥೆʼ ಎಂದು ಅಚ್ಚಿಗೆ ಕಳುಹಿಸಿದ್ದೇನೆ. ಸಂಗಾತಿ ಎಂದು ಹಾಕಿದ್ದೆ. ಬಾಳಸಂಗಾತಿ ಎಂದು ತಿಳಿದುಕೊಂಡು ಕುಟುಂಬಸಮೇತ ಪ್ರೇಮಕಥೆ ನೋಡಲು ಬಂದಾರೆಂದು ಅಳುಕಿ, ಕೊನೆಯ ಗಳಿಗೆಯಲ್ಲಿ ಬದಲಿಸಿದೆ.

ಮೈಸೂರಿನಿಂದ:

ನನ್ನ ಪದ ನಿಮಗೆ ಬೇಡವಾಯಿತು, ಇರಲಿ. ಆದರೆ ʻಕಾಮ್ರೇಡ್ʼ ಎಂಬುದರ ಮೂಲದಲ್ಲಿ ಕೋಣೆ ಎಂಬ ಅರ್ಥದ ಲ್ಯಾಟಿನ್ ಪದವಿದ್ದು, ಅದು ಸ್ಪ್ಯಾನಿಷ್ ಮತ್ತು ಫ್ರೆಂಚ್‌ಗಳ ಮೂಲಕ ಬರುವಾಗ ಒಂದೇ ಕೋಣೆಯಲ್ಲಿ ಮಲಗುವವನು ಎಂಬ ಅರ್ಥವನ್ನು ಹೊತ್ತುಕೊಂಡು ಬಂದಿತೆಂಬುದನ್ನು ಗಮನಿಸಬೇಕು. ಮೇಲೊಂದು ಕೆಳಗೊಂದು ಮಂಚ ಹಾಕಿಕೊಂಡು ಒಂದೇ ಕೋಣೆಯನ್ನು ಹಲವರು ಹಂಚಿಕೊಳ್ಳುವ ದುಬೈಯ ದುಡಿಮೆಗಾರರಿಗೆ ಅದು ಪಕ್ಷದ ಕಚೇರಿಗಿಂತ ಹೆಚ್ಚು ಒಪ್ಪುತ್ತದೆ.

ಧಾರವಾಡದಿಂದ:

ಅಚ್ಚಾಯಿತಲ್ಲ, ಬಿಡಿರಿ.