ಧಾನ್ಯ ಬೆರೆಸದ ಖಾರದ ಕೈಮ ಉಂಡೆ ಸಾರಿನಲ್ಲಿ ಒಡೆಯದಂತೆ ಮಾಡುವುದು ಹೇಗೆ?

ಪ್ರಶ್ನೆ (ಮಂಡ್ಯದಿಂದ)

ನಮ್ಮ ಮಾವನವರಿಗೆ ವೈದ್ಯರು ಮೂರು ತಿಂಗಳ ಮಟ್ಟಿಗೆ ಅಕ್ಕಿ, ಗೋಧಿ, ರಾಗಿ, ಜೋಳ ಯಾವುದೂ ಬೇಡವೆಂದು ಪಥ್ಯ ಹೇಳಿದ್ದಾರೆ. ಮುದ್ದೆಯಿಲ್ಲದ ಊಟವನ್ನು ಹೇಗೋ ಸಹಿಸಿಕೊಂಡಿರುವ ಅವರು ಭಾನುವಾರದ ಕೈಮ ಉಂಡೆ ಸಾರನ್ನು ಮಾತ್ರ ಬಿಡಲು ಒಪ್ಪುತ್ತಿಲ್ಲ. ಉಂಡೆಗೆ ಎರಡು ಹಿಡಿ ಅಕ್ಕಿ ಹಿಟ್ಟು ಹಾಕುವುದು ನಮ್ಮಲ್ಲಿ ಅತ್ತೆಯವರ ಕಾಲದಿಂದ ಬಂದ ರೂಢಿ. ಕಳೆದ ವಾರ ಅದನ್ನು ಬಿಟ್ಟು, ಅರ್ಧ ಕೆಜಿ ಕೈಮವನ್ನು ಎರಡು ನೀರಿನಲ್ಲಿ ತೊಳೆದು, ಹಸಿ ತೆಂಗಿನಕಾಯಿ ತುರಿ, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಚಕ್ಕೆ, ಲವಂಗ ಮತ್ತು ಒಂದು ಮೊಟ್ಟೆ ಸೇರಿಸಿ ಉಂಡೆ ಕಟ್ಟಿದೆ. ಕೈಯಲ್ಲಿ ಸರಿಯಾಗಿಯೇ ನಿಂತ ಉಂಡೆಗಳು ಕುದಿಯುವ ಸಾರಿಗೆ ಬಿದ್ದ ಐದೇ ನಿಮಿಷದಲ್ಲಿ ಒಡೆದು, ಸಾರೆಲ್ಲ ಗೊಜ್ಜಿನಂತಾಯಿತು. ಮಾವನವರು ಏನೂ ಹೇಳದೆ ಬಡಿಸಿಕೊಂಡು ಉಂಡರು; ಬೈದಿದ್ದರೂ ಅಷ್ಟು ಬೇಸರವಾಗುತ್ತಿರಲಿಲ್ಲ. ಹಿಟ್ಟಿನ ಬದಲು ಏನು ಹಾಕಬೇಕು? ಖಾರ ಮಾತ್ರ ಕಡಿಮೆಯಾಗಬಾರದು.

ಉತ್ತರ 1 (ಮೈಸೂರಿನಿಂದ)

ನಿಮ್ಮ ಉಂಡೆಗಳನ್ನು ಒಡೆದದ್ದು ನೀರು. ಕೈಮವನ್ನು ಕೊಚ್ಚಿಸಿದ ಮೇಲೆ ತೊಳೆದರೆ ಮಾಂಸದ ಚೂರುಗಳ ನಡುವೆ ನೀರು ತುಂಬಿಕೊಳ್ಳುತ್ತದೆ. ಮೇಲೆ ಹಸಿ ಕಾಯಿ, ಹಸಿ ಈರುಳ್ಳಿ, ಮೊಟ್ಟೆ ಎಲ್ಲವೂ ಸೇರಿದರೆ ಯಾವ ಉಂಡೆಯೂ ನಿಲ್ಲದು. ಅಕ್ಕಿ ಹಿಟ್ಟು ಇಷ್ಟು ದಿನ ಆ ನೀರನ್ನು ಕುಡಿದು ತಪ್ಪನ್ನು ಮುಚ್ಚುತ್ತಿತ್ತು, ಅಷ್ಟೇ. ಮುಂದಿನ ಸಲ ಮೂಳೆಯಿಲ್ಲದ ತೊಡೆಯ ಮಾಂಸವನ್ನು ತುಂಡಾಗಿಯೇ ತಂದು, ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಆಮೇಲೆ ಮನೆಯಲ್ಲೇ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಕೊಬ್ಬನ್ನು ಪೂರ್ತಿ ತೆಗೆಸಬೇಡಿ. ಬನ್ನೂರು ಕುರಿಯ ಮಾಂಸ ಸಿಕ್ಕರಂತೂ ಅದರಲ್ಲಿರುವ ಕೊಬ್ಬೇ ಉಂಡೆಯನ್ನು ಮೆತ್ತಗಿಡುತ್ತದೆ.

ಅರ್ಧ ಕೆಜಿಗೆ ಸುಮಾರು ಒಂದೂಕಾಲು ಚಮಚ ಉಪ್ಪು ಹಾಕಿ, ಬೇರೆ ಏನನ್ನೂ ಸೇರಿಸುವ ಮೊದಲೇ ನಾಲ್ಕು ನಿಮಿಷ ನಾದಬೇಕು. ಉಪ್ಪು ಬಿದ್ದು ನಾದಿದಾಗ ಮಾಂಸದ ಪ್ರೋಟೀನು ಕರಗಿ ಅಂಟಾಗುತ್ತದೆ, ಬಿಸಿ ತಾಗಿದಾಗ ಆ ಅಂಟೇ ಗಟ್ಟಿಯಾಗಿ ಉಂಡೆಯನ್ನು ಹಿಡಿದುಕೊಳ್ಳುತ್ತದೆ. ಅಂಗೈಗೆ ಒಂದು ಉಂಡೆ ಒತ್ತಿ, ಕೈಯನ್ನು ಬೋರಲು ಮಾಡಿದರೆ ಅದು ಬೀಳಬಾರದು, ಪರೀಕ್ಷೆ ಇಷ್ಟೇ. ಹಸಿ ಕಾಯಿಯ ಬದಲು ಒಣ ಕೊಬ್ಬರಿ ಪುಡಿ ಎರಡು ಚಮಚ, ಹುರಿದ ಗಸಗಸೆ ಒಂದು ಚಮಚ, ಹುರಿಗಡಲೆ ಪುಡಿ ಎರಡು ದೊಡ್ಡ ಚಮಚ ಸಾಕು. ಈರುಳ್ಳಿಯನ್ನು ನೀರಾರುವ ತನಕ ಬಾಡಿಸಿ, ಆರಿಸಿ ಹಾಕಿ. ಮೊಟ್ಟೆಯನ್ನು ಬಿಟ್ಟುಬಿಡಿ. ಕಲಸಿದ್ದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟಿ. ಸಾರು ಕೊತಕೊತ ಕುದಿಯುತ್ತಿರಬಾರದು. ಉರಿ ಇಳಿಸಿ, ಪಾತ್ರೆಯ ಅಂಚಿನಿಂದ ಒಂದೊಂದಾಗಿ ಜಾರಿಸಿ, ಮೊದಲ ಹತ್ತು ನಿಮಿಷ ಸೌಟನ್ನು ಮುಟ್ಟಲೇಬೇಡಿ. ತಿರುಗಿಸಲೇಬೇಕೆನಿಸಿದರೆ ಬಟ್ಟೆಯಲ್ಲಿ ಪಾತ್ರೆ ಹಿಡಿದು ಮೆಲ್ಲಗೆ ಅಲುಗಿಸಿ. ಒಟ್ಟು ಇಪ್ಪತ್ತೈದು ನಿಮಿಷ ಬೇಯಲಿ. ಅಡುಗೆ ಥರ್ಮಾಮೀಟರ್ ಇದ್ದರೆ ಉಂಡೆಯ ನಡುವೆ 71 ಡಿಗ್ರಿ ಸೆಲ್ಸಿಯಸ್ ಬಂದಿದೆಯೇ ಎಂದು ನೋಡಿಕೊಳ್ಳಬಹುದು.

ಉತ್ತರ 2 (ಮಂಡ್ಯದಿಂದ)

ಮೇಲಿನ ವಿಧಾನ ಸರಿಯಾಗಿದೆ, ಆದರೆ ಹುರಿಗಡಲೆಯ ವಿಷಯದಲ್ಲಿ ಒಂದು ಮಾತನ್ನು ವೈದ್ಯರಲ್ಲೇ ಕೇಳಿ ಖಚಿತಪಡಿಸಿಕೊಳ್ಳಿ. ನಮ್ಮ ಭಾಷೆಯಲ್ಲಿ ಧಾನ್ಯವೆಂದರೆ ರಾಗಿ, ಅಕ್ಕಿಯಂಥ ಏಕದಳವೂ ಹೌದು, ಕಡಲೆ, ತೊಗರಿಯಂಥ ದ್ವಿದಳವೂ ಹೌದು. ನಿಮ್ಮ ಪಟ್ಟಿಯಲ್ಲಿರುವುದೆಲ್ಲ ಏಕದಳವೇ ಆದ್ದರಿಂದ ಹುರಿಗಡಲೆಗೆ ಅಡ್ಡಿಯಿರಲಾರದು ಎನಿಸುತ್ತದೆ; ಬೇಡವೆಂದರೆ ಬೇಯಿಸಿ ಹಿಸುಕಿದ ಸುವರ್ಣಗೆಡ್ಡೆ ಎರಡು ಚಮಚ ಹಾಕಬಹುದು. ಇನ್ನೊಂದು, ಅಂಗಡಿಯ ಡಬ್ಬಿಯ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟೋ ಮೈದಾವೋ ಬೆರೆತಿರುತ್ತದೆ, ಡಬ್ಬಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಸಾರಿನ ಪುಡಿಗೆ ಒಂದು ಹಿಡಿ ಅಕ್ಕಿ ಹುರಿದು ಹಾಕುವ ಪದ್ಧತಿಯೂ ಕೆಲವು ಮನೆಗಳಲ್ಲಿದೆ. ಉಂಡೆಯಲ್ಲಿ ಇಲ್ಲದ ಧಾನ್ಯ ಸಾರಿನಲ್ಲಿದ್ದರೆ ಪಥ್ಯ ಕೆಟ್ಟಂತೆಯೇ ಅಲ್ಲವೇ?

ಉತ್ತರ 3 (ಮೈಸೂರಿನಿಂದ)

ಖಾರದ ಬಗ್ಗೆ ಯಾರೂ ಬರೆದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಕೊಡುತ್ತದೆಯೇ ಹೊರತು ಅದನ್ನು ನಂಬಿ ಖಾರ ಬರುವುದಿಲ್ಲ. ಉಂಡೆಗೆ ಎಂಟು ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಯನ್ನು ನೀರು ಹಾಕದೆ ನುಣ್ಣಗೆ ಅರೆದು ಸೇರಿಸಿ, ಒಂದು ಚಮಚ ಕಾಳುಮೆಣಸಿನ ಪುಡಿ ಬೆರೆಸಿ. ಹೆಚ್ಚಿದ ಮೆಣಸಿನಕಾಯಿ ಚೂರುಗಳಿದ್ದಲ್ಲೇ ಉಂಡೆ ಸೀಳುತ್ತದೆ. ಉಂಡೆ ಕಟ್ಟುವ ಮೊದಲು ಗೋಲಿಯಷ್ಟನ್ನು ತವೆಯ ಮೇಲೆ ಹುರಿದು, ಉಪ್ಪು ಖಾರ ನೋಡಿಕೊಳ್ಳಿ. ಹಸಿ ಕೈಮವನ್ನು ನಾಲಿಗೆಗೆ ಹಚ್ಚಿ ನೋಡುವ ಅಭ್ಯಾಸ ಒಳ್ಳೆಯದಲ್ಲ.

ಒಡೆಯುವ ಭಯ ಇನ್ನೂ ಇದ್ದರೆ ಇಡ್ಲಿ ತಟ್ಟೆಗೆ ಎಣ್ಣೆ ಸವರಿ, ಗುಳಿಗೊಂದರಂತೆ ಇಟ್ಟು ಹತ್ತು ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಸಾರಿಗೆ ಬಿಡಬಹುದು. ಗುಳಿಯಲ್ಲಿ ನಿಂತ ಕಂದು ರಸವನ್ನು ಚೆಲ್ಲದೆ ಸಾರಿಗೇ ಸುರಿಯಿರಿ, ರುಚಿಯೆಲ್ಲ ಅದರಲ್ಲಿರುತ್ತದೆ.

ಪ್ರಶ್ನೆ ಕೇಳಿದವರಿಂದ

ವೈದ್ಯರು ಹುರಿಗಡಲೆಗೆ ಒಪ್ಪಿದರು. ನಮ್ಮ ಇಂಗಿನ ಡಬ್ಬಿಯಲ್ಲಿ ಗೋಧಿ ಹಿಟ್ಟು ಇದ್ದದ್ದು ನಿಜ, ಅದನ್ನು ಪಕ್ಕಕ್ಕಿಟ್ಟೆ. ಹದಿನೆಂಟು ಉಂಡೆಗಳಲ್ಲಿ ಹಬೆಗೆ ಇಡದೆ ನೇರವಾಗಿ ಸಾರಿಗೆ ಬಿಟ್ಟವು ಹತ್ತು. ಒಡೆದದ್ದು ಒಂದೇ, ಅದೂ ನಾನು ತಾಳಲಾರದೆ ಸೌಟು ಹಾಕಿದ್ದರಿಂದ. ಖಾರಕ್ಕೆ ಮಾವನವರ ಮೂಗಿನಲ್ಲಿ ನೀರು ಬಂದರೂ ಎರಡನೆಯ ಸಲ ಬಡಿಸಿಕೊಂಡರು. ಉಂಡೆ ಮಾತ್ರ ಸ್ವಲ್ಪ ರಬ್ಬರಿನಂತಿತ್ತು. ಅಂಟು ಬಂದಿತೋ ಇಲ್ಲವೋ ಎಂಬ ಅನುಮಾನದಲ್ಲಿ ಹತ್ತು ನಿಮಿಷ ನಾದಿದ್ದೆ.

ಉತ್ತರ 1 ಬರೆದವರಿಂದ

ಹತ್ತು ನಿಮಿಷ ನಾದಿದ್ದೇ ಕಾರಣ. ಅಂಗೈಗೆ ಹಿಡಿದುಕೊಂಡ ಕೂಡಲೇ ಕೈ ತೆಗೆಯಿರಿ. ಮಸಾಲೆ, ಕೊಬ್ಬರಿ, ಹುರಿಗಡಲೆಯನ್ನು ಆಮೇಲೆ ಬೆರಳ ತುದಿಯಲ್ಲಿ ಬೆರೆಸಿದರೆ ಸಾಕು.