ವಾರಕ್ಕೊಮ್ಮೆ ಕೀಮೋನಾ, ಮೂರು ವಾರಕ್ಕೊಮ್ಮೆನಾ? ಬಾಯಿ ಕ್ಯಾನ್ಸರ್ ಪ್ರಶ್ನೋತ್ತರ

ಹೊಂಗಿರಣ: ಮೇಡಂ, ಕರೆಂಟ್ (ರೇಡಿಯೇಷನ್) ಜೊತೆ ಸಿಸ್ಪ್ಲಾಟಿನ್ ಎನ್ನುವ ಕೀಮೋ ಔಷಧಿ ಕೊಟ್ಟರೆ ಕೂದಲು ಪೂರ್ತಿ ಉದುರುತ್ತದಾ?

ಡಾಕ್ಟರ್: ತಲೆಗೂದಲು ಪೂರ್ತಿ ಹೋಗುವುದು ಅಪರೂಪ. ರೇಡಿಯೇಷನ್ ಬೀಳುವ ಕಡೆ ಗಡ್ಡ, ಮೀಸೆ ಉದುರುತ್ತದೆ.

ತಿಳಿನೀರು: ಮೇಡಂ ನಮಸ್ತೆ. ಅಪ್ಪನಿಗೆ 61 ವರ್ಷ. ಕೆನ್ನೆಯ ಒಳಭಾಗದ ಕ್ಯಾನ್ಸರ್. ಆಪರೇಷನ್ ಆಗಿ ಇವತ್ತಿಗೆ 27 ದಿನ. ಕುತ್ತಿಗೆಯ ಎರಡು ಗಂಟುಗಳಲ್ಲಿ ಕಾಯಿಲೆ ಇದೆ, ಒಂದರಲ್ಲಿ ಗಂಟಿನ ಪೊರೆ ದಾಟಿ ಹೊರಗೆ ಬಂದಿದೆ ಎಂದು ರಿಪೋರ್ಟಿನಲ್ಲಿದೆ. ಕರೆಂಟ್ ಜೊತೆ ಕೀಮೋ ಬೇಕು ಎಂದಿದ್ದಾರೆ. ಒಬ್ಬ ಡಾಕ್ಟರ್ ಮೂರು ವಾರಕ್ಕೊಮ್ಮೆ ದೊಡ್ಡ ಡೋಸ್ ಎನ್ನುತ್ತಾರೆ, ಇನ್ನೊಬ್ಬರು ವಾರವಾರ ಸಣ್ಣ ಡೋಸ್ ಎನ್ನುತ್ತಾರೆ. ಯಾವುದು ಒಳ್ಳೆಯದು? ತೂಕ 52 ಕೆಜಿ, ಕ್ರಿಯಾಟಿನಿನ್ 1.3. ಒಂದು ಕಿವಿ ಸ್ವಲ್ಪ ಮಂದ.

ಡಾಕ್ಟರ್: ನೀವು ಕೊನೆಯಲ್ಲಿ ಬರೆದ ಎರಡು ಸಾಲು ನನ್ನನ್ನು ಚಿಂತೆಗೆ ಹಚ್ಚಿವೆ. ಅದನ್ನೇ ಮೊದಲು ಹೇಳುತ್ತೇನೆ.

ಕ್ರಿಯಾಟಿನಿನ್ ಅಂದರೆ ಕಿಡ್ನಿ ರಕ್ತದಿಂದ ಸೋಸಿ ಹೊರಹಾಕಬೇಕಾದ ಕಸ. 1.3 ಅಂದರೆ ಸ್ವಲ್ಪ ಜಾಸ್ತಿ ಅಷ್ಟೇ ಅನ್ನಿಸುತ್ತದೆ. ಆದರೆ ಸಿಸ್ಪ್ಲಾಟಿನ್ ಕೊಡುವ ಮುಂಚೆ ವಯಸ್ಸು, ತೂಕ ಎಲ್ಲ ಸೇರಿಸಿ ಕಿಡ್ನಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿದೆ ಎಂದು ಲೆಕ್ಕ ಹಾಕಬೇಕು. 140ರಲ್ಲಿ ವಯಸ್ಸು ಕಳೆದರೆ 79. ಅದನ್ನು 52ರಿಂದ ಗುಣಿಸಿ. ಬಂದದ್ದನ್ನು 72 ಮತ್ತು 1.3ರ ಗುಣಲಬ್ಧದಿಂದ ಭಾಗಿಸಿ. ನಿಮ್ಮ ಅಪ್ಪನಿಗೆ 44 ಬರುತ್ತದೆ. 50ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಸಿಸ್ಪ್ಲಾಟಿನ್ ಮುಟ್ಟುವುದಿಲ್ಲ. ದೊಡ್ಡ ಡೋಸಿಗಂತೂ ಇನ್ನೂ ಜಾಸ್ತಿ ಬೇಕು. ಹಾಗಾಗಿ ವಾರವೋ ಮೂರು ವಾರವೋ ಎನ್ನುವುದು ಆಮೇಲಿನ ಮಾತು. ಈ ಔಷಧಿಯೇ ಅವರಿಗೆ ಆಗುತ್ತದಾ ಎನ್ನುವುದು ಮೊದಲು ಗೊತ್ತಾಗಬೇಕು.

ಇನ್ನು ನೀವು ಕೇಳಿದ್ದು. ಮೂರು ವಾರದ ಪದ್ಧತಿಯಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 100 ಮಿ.ಗ್ರಾಂ. ಚಿಕಿತ್ಸೆಯ 1, 22, 43ನೇ ದಿನ ಕೊಡುತ್ತಾರೆ. ಗಂಟಿನ ಪೊರೆ ದಾಟಿದವರಿಗೆ, ಕತ್ತರಿಸಿದ ಅಂಚಿನಲ್ಲಿ ಕಾಯಿಲೆ ಉಳಿದವರಿಗೆ ರೇಡಿಯೇಷನ್ ಜೊತೆ ಕೀಮೋ ಸೇರಿಸಿದರೆ ಲಾಭ ಎಂದು 2004ರಲ್ಲಿ ತೋರಿಸಿದ ಎರಡು ದೊಡ್ಡ ಪ್ರಯೋಗಗಳಲ್ಲೂ ಇದೇ ಡೋಸ್. ವಾರದ ಪದ್ಧತಿಯಲ್ಲಿ ಈಗ 40 ಮಿ.ಗ್ರಾಂ.

'ವಾರದ್ದು' ಎಂದು ಯಾರಾದರೂ ಹೇಳಿದರೆ ಎಷ್ಟು ಮಿ.ಗ್ರಾಂ ಎಂದು ಕೇಳಿ. ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 300 ಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಾರಕ್ಕೆ 30 ಕೊಟ್ಟಿದ್ದರು. ಎರಡು ವರ್ಷದಲ್ಲಿ ಬಾಯಿ, ಕುತ್ತಿಗೆಯಲ್ಲಿ ಕಾಯಿಲೆ ಹತೋಟಿಯಲ್ಲಿ ಉಳಿದದ್ದು 58.5 ಶೇಕಡಾ. ಮೂರು ವಾರದ 100ರಲ್ಲಿ 73.1. ಅಂದರೆ 30 ಸಾಲಲಿಲ್ಲ. ಜಪಾನಿನಲ್ಲಿ ಆಪರೇಷನ್ ಆದ 261 ಜನರಿಗೆ ವಾರಕ್ಕೆ 40 ಕೊಟ್ಟು ನೋಡಿದರು. 2022ರಲ್ಲಿ ಬಂದ ಆ ಫಲಿತಾಂಶದಲ್ಲಿ 40, ಮೂರು ವಾರದ 100ಕ್ಕಿಂತ ಕಡಿಮೆಯೇನೂ ಆಗಲಿಲ್ಲ. ಕಿಡ್ನಿ, ಕಿವಿಗೆ ಹಾನಿಯೂ ಕಡಿಮೆ ಇತ್ತು. ಎರಡೂ 'ವಾರದ್ದೇ'. ಒಂದೇ ಅಲ್ಲ.

ಒಟ್ಟು ಕನಿಷ್ಠ 200 ಆದರೂ ಸೇರಬೇಕು ಎಂದು ನೋಡುತ್ತೇವೆ. 40ರಂತೆ ಐದು ವಾರ, ಅಥವಾ 100ರಂತೆ ಎರಡು ಸಲ. ವಾರದ ಪದ್ಧತಿಯ ಅನುಕೂಲ ಏನೆಂದರೆ ಪ್ರತಿ ವಾರ ರಕ್ತ ನೋಡಿ ಒಂದು ಡೋಸ್ ತಡೆದು ಮುಂದುವರಿಯಬಹುದು. 100 ಒಮ್ಮೆ ಒಳಗೆ ಹೋದರೆ ವಾಪಸ್ ತೆಗೆಯಲಾಗದು.

ಇವತ್ತೇ ಉತ್ತರ ಕೊಡಿ: ನೋವಿಗೆ ಯಾವ ಮಾತ್ರೆ? ದಿನಕ್ಕೆ ಎಷ್ಟು ನೀರು ಹೋಗುತ್ತಿದೆ? ಬೇರೆ ಏನಾದರೂ ಪುಡಿ, ರಸ ಕೊಡುತ್ತಿದ್ದೀರಾ?

ಮುಂಗಾರು: ಮೇಡಂ, ನನ್ನ ಅಮ್ಮನಿಗೆ 74. ಕೀಮೋ ಸೇರಿಸಬೇಕಾ?

ಡಾಕ್ಟರ್: 70 ದಾಟಿದ ಮೇಲೆ ಸೇರಿಸಿದ್ದರಿಂದ ಲಾಭ ತುಂಬಾ ಕಡಿಮೆಯಾಗುತ್ತದೆ. ಬರೀ ರೇಡಿಯೇಷನ್ ಸಾಕಾ ಎಂದು ನಿಮ್ಮ ಡಾಕ್ಟರನ್ನು ನೇರವಾಗಿ ಕೇಳಿ.

ಕಲ್ಲುಬಂಡೆ: ವಾರದ ಕೀಮೋ ಡಾಕ್ಟರುಗಳ ಅನುಕೂಲಕ್ಕೆ. ನೀರು ಬೆರೆಸಿದ ಔಷಧಿ ಇದ್ದ ಹಾಗೆ. ನಮ್ಮ ಅಣ್ಣ 100ರದ್ದೇ ಮೂರೂ ತೆಗೆದುಕೊಂಡರು, ಈಗ ಚೆನ್ನಾಗಿದ್ದಾರೆ.

ಹಸಿರೆಲೆ: ನಮ್ಮ ಯಜಮಾನರು ಎರಡನೇ ದೊಡ್ಡ ಡೋಸ್ ಆದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದರು. ಇವತ್ತಿಗೂ ನಿಂತಿಲ್ಲ. ನಿಮ್ಮ ಅಣ್ಣನಿಗೆ ಆಗಿಲ್ಲ ಅಂದರೆ ಯಾರಿಗೂ ಆಗಲ್ಲ ಅಂತಾನಾ?

ಕಲ್ಲುಬಂಡೆ: ಜೀವ ದೊಡ್ಡದಾ ಕಿವಿ ದೊಡ್ಡದಾ?

ಹಸಿರೆಲೆ: ಮೇಡಂ ಬರೆದದ್ದನ್ನು ಓದಿದ್ದೀರಾ? 40 ಕೊಟ್ಟರೆ ಜೀವವೂ ಉಳಿಯುತ್ತದೆ ಅಂತ ತಾನೇ ಹೇಳಿರೋದು.

ಕಲ್ಲುಬಂಡೆ: ಟಾಟಾದಲ್ಲೇ ವಾರದ್ದು ಸೋತಿದೆ. ಅದನ್ನೂ ಓದಿ.

ಹಸಿರೆಲೆ: ಅದು 30ರದ್ದು ಸ್ವಾಮಿ! ಎರಡು ಸಲ ಬರೆದಿದ್ದಾರೆ.

ಬಾನಾಡಿ: ಎಲ್ಲರೂ ಸುಮ್ನೆ ಜಗಳ ಆಡ್ತಿದ್ದೀರಿ. ಅಡುಗೆ ಸೋಡಾ ನೀರಿಗೆ ಹಾಕಿ ದಿನಕ್ಕೆ ಮೂರು ಸಲ ಕುಡಿದರೆ ರಕ್ತ ಕ್ಷಾರವಾಗುತ್ತದೆ, ಕ್ಯಾನ್ಸರ್ ಬದುಕೋಕೇ ಆಗಲ್ಲ. ಕಹಿ ಏಪ್ರಿಕಾಟ್ ಬೀಜವೂ ಒಳ್ಳೆಯದು. ಎಷ್ಟೋ ಜನ ಕೀಮೋ ಇಲ್ಲದೆ ಗುಣ ಆಗಿದ್ದಾರೆ. ಫಾರ್ವರ್ಡ್ ಹಾಕಿದ್ದೇನೆ.

ಡಾಕ್ಟರ್: ಅದನ್ನು ತೆಗೆಯಿರಿ. ರಕ್ತ ಎಷ್ಟು ಕ್ಷಾರ ಎನ್ನುವುದನ್ನು ಶ್ವಾಸಕೋಶ, ಕಿಡ್ನಿ ಸೇರಿ ಕಾಯುತ್ತವೆ. ಸೋಡಾ ಕುಡಿದರೆ ದೇಹದ ಉಪ್ಪಿನಂಶ ಏರುಪೇರಾಗುತ್ತದೆ, ಗಡ್ಡೆಗೆ ಏನೂ ಆಗುವುದಿಲ್ಲ. ಉಪ್ಪು, ಸೋಡಾ ಬೆರೆಸಿದ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗುಳುವುದು ಒಳ್ಳೆಯದು, ಹುಣ್ಣಿಗೆ ಹಿತ. ಕುಡಿಯುವುದು ಬೇರೆ. ಕಹಿ ಏಪ್ರಿಕಾಟ್ ಬೀಜದಿಂದ ಹೊಟ್ಟೆಯೊಳಗೆ ಸಯನೈಡ್ ಹುಟ್ಟುತ್ತದೆ. ಅದರಿಂದ ಜನ ಸತ್ತಿದ್ದಾರೆ.

ಬಾನಾಡಿ: ನಾನು ಒಳ್ಳೆಯ ಮನಸ್ಸಿನಿಂದ ಹಾಕಿದ್ದು ಮೇಡಂ.

ಡಾಕ್ಟರ್: ಗೊತ್ತು. ಆದರೂ ತೆಗೆಯಿರಿ.

ನೀಲಿಹೂ: ನಾಲಿಗೆ ಕ್ಯಾನ್ಸರ್, ಗಡ್ಡೆ ಒಂದೂವರೆ ಸೆಂಟಿಮೀಟರ್, ಅಂಚು ಸ್ವಚ್ಛ, ಗಂಟು ಇಲ್ಲ. ಕೀಮೋ?

ಡಾಕ್ಟರ್: ಬೇಡ.

ಮರಳುದಂಡೆ: ಇಮ್ಯುನೋಥೆರಪಿ ಇಂಜೆಕ್ಷನ್ ಇದರ ಜೊತೆ ಸೇರಿಸಬಹುದಾ?

ತಿಳಿನೀರು: ಮೇಡಂ, ನೋವಿಗೆ ಡೈಕ್ಲೋಫೆನಾಕ್ ದಿನಕ್ಕೆ ಎರಡು, ಮೂರು ವಾರದಿಂದ. ಮೂಗಿನ ನಳಿಕೆಯಲ್ಲಿ ಒಟ್ಟು ಒಂದು ಲೀಟರ್ ಹೋಗುತ್ತದೆ ಅಷ್ಟೇ. ನೆಂಟರು ಕೊಟ್ಟ ಗಿಡಮೂಲಿಕೆ ಪುಡಿಯನ್ನೂ ಹಾಕುತ್ತಿದ್ದೇವೆ. ತಪ್ಪಾಯ್ತಾ?

ಡಾಕ್ಟರ್: ನಿಮ್ಮನ್ನು ಬೈಯುತ್ತಿಲ್ಲಮ್ಮ. ಯಾರೂ ನಿಮಗೆ ಹೇಳಿಲ್ಲ. ಆದರೆ ಇದು ತುಂಬಾ ಒಳ್ಳೆಯ ಸುದ್ದಿಯೂ ಆಗಬಹುದು. ಡೈಕ್ಲೋಫೆನಾಕ್ ಕಿಡ್ನಿಗೆ ರಕ್ತ ಹರಿಯುವುದನ್ನು ಕಡಿಮೆ ಮಾಡುತ್ತದೆ. ಮೈಯಲ್ಲಿ ನೀರೂ ಕಡಿಮೆ ಇದ್ದರೆ ಕ್ರಿಯಾಟಿನಿನ್ ಏರುತ್ತದೆ. ಅಪ್ಪನ ಕಿಡ್ನಿ ನಿಜಕ್ಕೂ ಕೆಟ್ಟಿಲ್ಲದೆಯೂ ಇರಬಹುದು. ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ, ಈ ಮಾತ್ರೆ ನಿಲ್ಲಿಸಿ ಬೇರೆ ನೋವಿನ ಔಷಧಿ ಬರೆಸಿಕೊಳ್ಳಿ. ನೀರು ಎಷ್ಟು ಹೆಚ್ಚಿಸಬೇಕೆಂದು ಕೇಳಿ. ಪುಡಿ ನಿಲ್ಲಿಸಿ. ಅದರಲ್ಲಿ ಏನಿದೆ ಎಂದು ಕೊಟ್ಟವರಿಗೂ ಗೊತ್ತಿಲ್ಲ. ಐದು ದಿನ ಬಿಟ್ಟು ಕ್ರಿಯಾಟಿನಿನ್ ಮತ್ತೆ ನೋಡಿಸಿ. ಕಿವಿ ಪರೀಕ್ಷೆಯೂ ಆಗಲಿ. ಹಾಳಾದ ಹಲ್ಲು ಕೀಳಿಸುವುದಿದ್ದರೆ ಈಗಲೇ. ಗಾಯ ಒಣಗಲು ದಿನ ಬೇಕು. ರೇಡಿಯೇಷನ್ ಆದ ಮೇಲೆ ಕಿತ್ತರೆ ದವಡೆ ಮೂಳೆ ಸಾಯುವ ಅಪಾಯ ಇದೆ. ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಬೇಕು. ನಿಮಗೆ ಉಳಿದಿರುವುದು 15 ದಿನ.

ಕಲ್ಲುಬಂಡೆ: ಕಿಡ್ನಿ ಸರಿಹೋಗದಿದ್ದರೆ ಕೀಮೋನೇ ಇಲ್ವಾ? ಮತ್ತೆ ಇಷ್ಟೆಲ್ಲಾ ಯಾಕೆ?

ಡಾಕ್ಟರ್: ಇದೆ. ಡೊಸಿಟ್ಯಾಕ್ಸೆಲ್ ಎನ್ನುವ ಬೇರೆ ಕೀಮೋ ಔಷಧಿ, ವಾರಕ್ಕೆ ಚದರ ಮೀಟರಿಗೆ 15 ಮಿ.ಗ್ರಾಂ. ಸಿಸ್ಪ್ಲಾಟಿನ್ ಆಗದ 356 ಜನರ ಮೇಲೆ ನೋಡಿದ್ದಾರೆ, 2023ರಲ್ಲಿ ಬಂತು. ಎರಡು ವರ್ಷ ಕಾಯಿಲೆ ಇಲ್ಲದೆ ಉಳಿದವರು ಬರೀ ರೇಡಿಯೇಷನ್‌ನಲ್ಲಿ 30.3 ಶೇಕಡಾ, ಇದು ಸೇರಿದಾಗ 42. ಬಾಯಿಹುಣ್ಣು ಮಾತ್ರ ಜಾಸ್ತಿ.

ಹೊಂಗಿರಣ: ಮೇಡಂ, ಕೂದಲು ಮತ್ತೆ ಬರುತ್ತದಾ? ಮೊದಲೇ ಕೇಳಿದ್ದೆ.

ಹಸಿರೆಲೆ: ಇಲ್ಲಿ ಒಬ್ಬರ ಅಪ್ಪನ ಕಿಡ್ನಿ ಮಾತು ನಡೀತಿದೆ ರೀ.

ಹೊಂಗಿರಣ: ನಮಗೂ ನಮ್ಮವರದೇ ಚಿಂತೆ. ನೀವು ಯಾರು ಹೇಳೋಕೆ?

ಡಾಕ್ಟರ್: ತಲೆಯದು ಬರುತ್ತದೆ. ಗಡ್ಡ ಕೆಲವು ಕಡೆ ಬರದೇ ಇರಬಹುದು. ಇಲ್ಲಿಗೆ ಸಾಕು.

ಮರಳುದಂಡೆ: ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಮುಂಗಾರು: ವಾರದ್ದೋ ಮೂರು ವಾರದ್ದೋ, ಒಂದೇ ಮಾತಲ್ಲಿ ಹೇಳಿ ಮೇಡಂ.

ಡಾಕ್ಟರ್: ಒಂದೇ ಮಾತಲ್ಲಿ ಹೇಳುವವರನ್ನು ನಂಬಬೇಡಿ. ಮೇಲೆ ಬರೆದಿದ್ದೇನೆ, ಓದಿ.

ತಿಳಿನೀರು: ಮೇಡಂ, ಆರು ದಿನ ಆಯ್ತು. ಡೈಕ್ಲೋಫೆನಾಕ್, ಪುಡಿ ಎರಡೂ ನಿಲ್ಲಿಸಿದೆವು. ನೀರು ಎರಡೂವರೆ ಲೀಟರ್ ಹೋಗುತ್ತಿದೆ. ಕ್ರಿಯಾಟಿನಿನ್ 1.0. ಕಿವಿ ಪರೀಕ್ಷೆಯಲ್ಲಿ ಎರಡೂ ಕಡೆ ಸಣ್ಣ ದನಿಗಳು ಕೇಳುತ್ತಿಲ್ಲ ಎಂದರು.

ಡಾಕ್ಟರ್: ಲೆಕ್ಕ 57ಕ್ಕೆ ಬಂತು! ಬಹಳ ಸಂತೋಷವಾಯಿತು. ಈ ಕಿಡ್ನಿಗೆ, ಈ ಕಿವಿಗೆ 100 ಬೇಡ ಎನ್ನುವುದು ನನ್ನ ಅಭಿಪ್ರಾಯ. ವಾರಕ್ಕೆ 40ರದ್ದು, ಪ್ರತಿ ಡೋಸಿಗೂ ಮುಂಚೆ ಕ್ರಿಯಾಟಿನಿನ್, ಡೋಸ್ ದಿನ ಸಲೈನ್, ಮೆಗ್ನೀಸಿಯಂ. ಕಿವಿ ಇನ್ನೂ ಮಂದವಾದರೆ, ಗುಂಯ್ ಎಂದರೆ ಅದೇ ದಿನ ತಿಳಿಸಿ, ಔಷಧಿ ಬದಲಿಸುತ್ತಾರೆ. ನಿರ್ಧಾರ ಅಪ್ಪನನ್ನು ಎದುರಿಗೆ ನೋಡುವ ಡಾಕ್ಟರದ್ದು. ಈ ಎರಡು ರಿಪೋರ್ಟ್ ಅವರ ಮುಂದೆ ಇಡಿ.

ತಿಳಿನೀರು: ಇಟ್ಟೆ ಮೇಡಂ. ಅವರೂ ವಾರದ 40 ಎಂದರು. ಸೋಮವಾರ ಮೊದಲ ಕರೆಂಟ್. ಆಪರೇಷನ್ ಆಗಿ 38ನೇ ದಿನ.

ಡಾಕ್ಟರ್: ಒಂದು ವಾರ ರಕ್ತಕಣ ಕಡಿಮೆಯಾಗಿ ಕೀಮೋ ತಪ್ಪಿದರೂ ರೇಡಿಯೇಷನ್ ತಪ್ಪಿಸಬೇಡಿ. ದಿನಕ್ಕೆ ಹೋದ ನೀರನ್ನು ಬರೆದಿಡಿ.