ಬರ್ನರ್‌ಗಳ ಸುತ್ತ ಕಟ್ಟುವ ಕ್ಲಿಂಕರ್: ಮೊದಲು ಏನನ್ನು ಪರೀಕ್ಷಿಸಬೇಕು?

ಪ್ರಶ್ನೆ: ಪುಡಿ ಕಲ್ಲಿದ್ದಲು ಉರಿಸುವ ನಮ್ಮ ಬಾಯ್ಲರ್‌ಗೆ ಬರುವ ಕಲ್ಲಿದ್ದಲು ಬದಲಾದ ಮೇಲೆ ಬರ್ನರ್‌ಗಳ ಸುತ್ತ ಕ್ಲಿಂಕರ್ (ಕರಗಿ ಗಟ್ಟಿಯಾದ ಬೂದಿಯ ಗಡ್ಡೆ) ಕಟ್ಟುತ್ತಿದೆ, ಉಗಿಯನ್ನು ಇನ್ನಷ್ಟು ಕಾಯಿಸುವ ಸೂಪರ್‌ಹೀಟರ್‌ನಲ್ಲಿ ಉಗಿ ಮಿತಿಮೀರಿ ಕಾಯದಂತೆ ಸಿಂಪಡಿಸುವ ನೀರೂ ಹೆಚ್ಚಿದೆ. ಪ್ರಯೋಗಾಲಯದ ವರದಿಯಲ್ಲಿ ಬೂದಿ ಮೆತ್ತಗಾಗುವ ಉಷ್ಣಾಂಶ ಸಾಕಷ್ಟು ಮೇಲೆಯೇ ಇದೆ. ಅನುಭವವಿರುವವರು ದಾರಿ ತೋರಿಸಬೇಕು.

ಉತ್ತರ 1: ಆ ಉಷ್ಣಾಂಶವನ್ನು ಯಾವ ವಾತಾವರಣದಲ್ಲಿ ಅಳೆದಿದ್ದಾರೆ ಎಂಬುದನ್ನು ಮೊದಲು ನೋಡಿ. ಆಮ್ಲಜನಕ ಧಾರಾಳವಾಗಿರುವಲ್ಲಿ ಗಟ್ಟಿಯಾಗಿ ಉಳಿಯುವ ಬೂದಿ ಅದರ ಕೊರತೆಯಿರುವಲ್ಲಿ ಬೇಗ ಕರಗುತ್ತದೆ. ಕಬ್ಬಿಣದ ಅಂಶ ಹೆಚ್ಚಿದ್ದರೆ ಈ ಅಂತರ 100 ಡಿಗ್ರಿ ಸೆಲ್ಸಿಯಸ್ ಮೀರುವುದೂ ಉಂಟು. ಇಂಗಾಲ ಉರಿದುಹೋಗುತ್ತಿದ್ದಂತೆ ಕಣದೊಳಗಿನ ಜೇಡಿ ಖನಿಜ, ಕ್ವಾರ್ಟ್ಜ್ ಮತ್ತು ಕಾರ್ಬೊನೇಟುಗಳು ಒಂದನ್ನೊಂದು ಕೂಡಿಕೊಂಡು, ಬಹುಮಟ್ಟಿಗೆ ಕರಗಿ, ಗಾಜಿನಂಥ ಸಣ್ಣ ಹನಿಗಳಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಗೋಡೆ ಮುಟ್ಟುವ ಮೊದಲೇ ತಣಿದು ಹಾರುಬೂದಿಯಾಗಿ ಸಾಗುತ್ತವೆ. ತೊಂದರೆ ಕೊಡುವುದು ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ. ಕಲ್ಲಿದ್ದಲಿಗಿಂತ ಮೂರು ಪಟ್ಟಿಗೂ ಹೆಚ್ಚು ಸಾಂದ್ರವಾದ ಈ ಖನಿಜದ ದಪ್ಪ ಕಣವು ಅನಿಲದೊಡನೆ ತಿರುಗಲಾರದೆ ನೇರವಾಗಿ ಗೋಡೆಗೆ ಬಡಿಯುತ್ತದೆ. ಗಾಳಿ ಸಾಲದೆ ಅದು ಅರೆಬರೆ ಉತ್ಕರ್ಷಣಗೊಂಡಿದ್ದರೆ ದ್ರವರೂಪದಲ್ಲೇ ಅಂಟಿಕೊಂಡು, ಹಿಂದೆ ಬರುವ ಸಿಲಿಕೇಟುಗಳನ್ನೂ ಕರಗಿಸತೊಡಗುತ್ತದೆ.

ಆದ್ದರಿಂದ ಪ್ರತಿ ಬರ್ನರ್‌ಗೂ ಹೋಗುವ ಗಾಳಿ ಮತ್ತು ಪುಡಿಯ ಪಾಲನ್ನು ಅಳೆಯಿಸಿ, ಗೋಡೆಯ ಸಮೀಪ, ಗಾಳಿ ಸಾಲದಿದ್ದಾಗ ಉಂಟಾಗುವ ಕಾರ್ಬನ್ ಮೊನಾಕ್ಸೈಡ್ ಎಷ್ಟಿದೆ ಎಂದು ನೋಡಿ. ಇಕನಾಮೈಸರ್ (ಹೊರಹೋಗುವ ಅನಿಲದ ಶಾಖದಿಂದ ಬಾಯ್ಲರ್‌ಗೆ ಹೋಗುವ ನೀರನ್ನು ಕಾಯಿಸುವ ಭಾಗ) ಬಳಿ ಕಾಣುವ ಆಮ್ಲಜನಕ ಇಡೀ ಫರ್ನೇಸ್‌ನ ಸರಾಸರಿ ಮಾತ್ರ. ಅದನ್ನೇ ನಂಬಿ ಕುಳಿತರೆ ಮೂಲೆಯೊಂದರ ಕೊರತೆ ಕಣ್ಣಿಗೆ ಬೀಳದು. ಕಲ್ಲಿದ್ದಲು ಅರೆಯುವ ಮಿಲ್‌ನ ಪುಡಿಯಲ್ಲಿ 75 ಮೈಕ್ರಾನ್ ಜರಡಿ ದಾಟುವ ಪಾಲನ್ನು ಎಲ್ಲರೂ ಗಮನಿಸುತ್ತಾರೆ, ಆದರೆ ಈ ಸಮಸ್ಯೆಗೆ 300 ಮೈಕ್ರಾನ್ ಜರಡಿಯ ಮೇಲೆ ಉಳಿಯುವ ದಪ್ಪ ಕಣಗಳೇ ಮುಖ್ಯ ಎಂಬುದು ನನ್ನ ದೃಢ ಅಭಿಪ್ರಾಯ.

ಉತ್ತರ 2: ಕೊಳವೆಗಳ ಮೇಲಿನ ಬೂದಿಯನ್ನು ಉಗಿ ಹೊಡೆದು ಉದುರಿಸುವ ಸೂಟ್ ಬ್ಲೋವರ್‌ಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಕೊಳವೆಯ ಮೇಲಿನ ಮೊದಲ ಪದರ ತೆಳ್ಳಗೆ, ಪುಡಿಯಾಗಿರುತ್ತದೆ. ಅದು ದಪ್ಪವಾದಂತೆ ಶಾಖ ಒಳಗಿಳಿಯದೆ ಹೊರಮೈ ಕಾದು ಜಿಗುಟಾಗುತ್ತದೆ, ಆಮೇಲೆ ತಾಗಿದ ಕಣವೆಲ್ಲ ಅಲ್ಲೇ ನಿಲ್ಲುತ್ತದೆ. ಆ ಹಂತ ದಾಟಿದರೆ ಉಗಿಯ ಹೊಡೆತಕ್ಕೆ ಅದು ಸುಲಭವಾಗಿ ಬಗ್ಗುವುದಿಲ್ಲ. ಹಾಗೆಂದು ಶುಭ್ರವಾದ ಕೊಳವೆಗೂ ಗಡಿಯಾರ ನೋಡಿ ಉಗಿ ಹೊಡೆಯುತ್ತಿದ್ದರೆ ಲೋಹವೇ ಸವೆಯುತ್ತದೆ. ಸಿಂಪಡಿಸುವ ನೀರಿನ ಏರಿಕೆಯನ್ನೂ ಫರ್ನೇಸ್‌ನಿಂದ ಹೊರಡುವ ಅನಿಲದ ಉಷ್ಣಾಂಶವನ್ನೂ ನೋಡಿ ನಿರ್ಧರಿಸುವುದು ಮೇಲು. ಲೋಡ್ ಇಳಿಸಿದಾಗ ಕೊಳವೆಯೂ ಕ್ಲಿಂಕರೂ ಬೇರೆಬೇರೆ ಪ್ರಮಾಣದಲ್ಲಿ ಕುಗ್ಗುವುದರಿಂದ ಗಡ್ಡೆಗಳು ಕಳಚುತ್ತವೆ. ಅದು ಉಪಯುಕ್ತ ಉಪಾಯವೇ ಸರಿ, ಆದರೆ ದೊಡ್ಡ ಗಡ್ಡೆ ನೀರು ತುಂಬಿದ ತಳದ ಹಾಪರ್‌ಗೆ ಬಿದ್ದರೆ ಉಗಿ ಸಿಡಿಯುತ್ತದೆ. ಆ ಹೊತ್ತಿನಲ್ಲಿ ವೀಕ್ಷಣಾ ಕಿಂಡಿಯ ಮುಂದೆಯಾಗಲಿ ಹಾಪರ್‌ನ ಬಳಿಯಾಗಲಿ ಯಾರನ್ನೂ ನಿಲ್ಲಲು ಬಿಡಬೇಡಿ.

ಉತ್ತರ 3: ಎರಡು ಕಲ್ಲಿದ್ದಲುಗಳನ್ನು ಬೆರೆಸುತ್ತಿದ್ದರೆ ಬೆರಕೆಯ ಬೂದಿಯನ್ನೇ ಪರೀಕ್ಷೆಗೆ ಕಳುಹಿಸಿ, ಏಕೆಂದರೆ ಅದರ ಕರಗುವ ಉಷ್ಣಾಂಶ ಎರಡರ ಸರಾಸರಿಯಾಗಿರಬೇಕೆಂದಿಲ್ಲ, ಎರಡಕ್ಕಿಂತ ಕೆಳಗೂ ಇಳಿಯಬಹುದು. ಮುಂದಿನ ಸಲ ಬಾಯ್ಲರ್ ನಿಲ್ಲಿಸಿದಾಗ ಕ್ಲಿಂಕರ್‌ನ ಒಳಪದರ ಮತ್ತು ಹೊರಪದರಗಳ ಮಾದರಿಗಳನ್ನು ಬೇರೆಬೇರೆಯಾಗಿ ತೆಗೆಯಿರಿ. ಒಳಪದರದಲ್ಲಿ ಕಬ್ಬಿಣವು ಕಲ್ಲಿದ್ದಲಿನ ಬೂದಿಯಲ್ಲಿರುವುದಕ್ಕಿಂತ ಬಹಳ ಹೆಚ್ಚಿದ್ದರೆ ಮೊದಲ ಉತ್ತರದಲ್ಲಿ ಹೇಳಿದ ಪೈರೈಟೇ ಕಾರಣವೆಂದು ತಿಳಿದು, ಮಿಲ್‌ನಿಂದ ಕೆಲಸ ಆರಂಭಿಸಬಹುದು.